ಗಾಲಿಕುರ್ಚಿಯಲ್ಲಿ ಕೂತವರಿಗೆ ಜೋಗ ಎಷ್ಟು ಕಾಣುತ್ತದೆ?

ಗಾಲಿಕುರ್ಚಿಯಲ್ಲಿ ಓಡಾಡುವ ನನ್ನಂಥವರು ಜೋಗಕ್ಕೆ ಹೋಗಬೇಕು ಅಂತ ಬಾಯಿ ಬಿಟ್ಟರೆ ಸಾಕು, ಎದುರಿದ್ದವರು ಮೊದಲು ಮೆಟ್ಟಿಲ ಲೆಕ್ಕ ಒಪ್ಪಿಸುತ್ತಾರೆ. 'ಸಾವಿರದ ನಾನೂರು ಮೆಟ್ಟಿಲು ಮಾರಾಯ್ರೇ, ನಮ್ಮಂಥೋರೇ ಹತ್ತಿ ಬರೋಷ್ಟರಲ್ಲಿ ಸುಸ್ತಾಗಿ ಕೂರ್ತೀವಿ.' ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಜೋಗವನ್ನು ನೋಡಲು ಆ ಮೆಟ್ಟಿಲಲ್ಲಿ ಒಂದನ್ನೂ ಇಳಿಯಬೇಕಾಗಿಲ್ಲ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕವಲು ಒಟ್ಟಿಗೆ ಕಣ್ಣಿಗೆ ಬೀಳುವುದು ಶಿವಮೊಗ್ಗ ಕಡೆಯ ದಂಡೆಯ ಮೇಲೆ, ವಾಹನ ನಿಲ್ಲಿಸುವ ಜಾಗಕ್ಕೆ ಹೆಚ್ಚು ದೂರವಿಲ್ಲದ ಕಡೆ. ಮಳೆ ಜೋರಾದಾಗ ಕೆಳಗಿಳಿಯುವ ದಾರಿಯನ್ನು ಎಲ್ಲರಿಗೂ ಮುಚ್ಚುವುದುಂಟು. ಅಂದರೆ ಜೋಗ ಅತ್ಯಂತ ಚೆಂದ ಇರುವ ದಿನಗಳಲ್ಲಿ ಕಾಲಿದ್ದವರೂ ಇಲ್ಲದವರೂ ನಿಂತು, ಕೂತು ನೋಡಬೇಕಾದದ್ದು ಒಂದೇ ಜಾಗದಿಂದ.

ಆದ್ದರಿಂದ ಮೆಟ್ಟಿಲನ್ನು ಮೊದಲು ಪಕ್ಕಕ್ಕಿಟ್ಟುಬಿಡೋಣ. ಶರಾವತಿ ಧುಮುಕುವ ಎತ್ತರ 253 ಮೀಟರ್. ಗಾಲಿಕುರ್ಚಿಗೆ ಒಪ್ಪುವ ಇಳಿಜಾರು ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಆ ಲೆಕ್ಕದಲ್ಲಿ ಗುಂಡಿಯ ತಳಕ್ಕೆ ರ‍್ಯಾಂಪ್ ಹಾಕಿದರೆ ಬರೀ ಇಳಿಜಾರೇ ಮೂರು ಕಿಲೋಮೀಟರ್ ದಾಟುತ್ತದೆ, ಒಂಬತ್ತು ಮೀಟರಿಗೊಂದು ಸಮತಟ್ಟು ತಂಗುದಾಣ ಸೇರಿಸಿದರೆ ಮೂರೂವರೆ. ಯಾರೂ ಅದನ್ನು ಕೇಳುತ್ತಿಲ್ಲ. ಕೇಳದ್ದನ್ನು ಕೇಳಿದಂತೆ ಮಾಡಿ, 'ಪ್ರಕೃತಿ ಇರೋದೇ ಹಾಗೆ, ಏನ್ ಮಾಡೋಕಾಗುತ್ತೆ' ಎಂದು ಕೈ ತೊಳೆದುಕೊಳ್ಳಲು ಈ ಮೆಟ್ಟಿಲುಗಳು ಬಹಳ ಅನುಕೂಲ. ಬಂಡೆ, ಕಣಿವೆ, ಮಂಜು ಇವೆಲ್ಲ ಪ್ರಕೃತಿಯವು ಸರಿ. ಟಿಕೆಟ್ ಕೌಂಟರಿನ ಎತ್ತರ, ಪಾವಟಿಗೆ, ಗೋಡೆ, ಕಂಬಿ, ಶೌಚಾಲಯದ ಬಾಗಿಲು? ಇವನ್ನು ಯಾರೋ ಎಂಜಿನಿಯರು ನಕ್ಷೆ ಬರೆದು, ಯಾರೋ ಗುತ್ತಿಗೆದಾರ ಬಿಲ್ಲು ಎತ್ತಿ ಕಟ್ಟಿದ್ದು. ನಮ್ಮ ಪ್ರವಾಸಿ ತಾಣಗಳಲ್ಲಿ ಗಾಲಿಕುರ್ಚಿಯನ್ನು ತಡೆಯುವುದು ಬಹುಮಟ್ಟಿಗೆ ಈ ಎರಡನೆಯ ಪಟ್ಟಿ.

ಅದರಲ್ಲೂ ಯಾರ ಗಮನಕ್ಕೂ ಬಾರದ ಸಂಗತಿ ಒಂದಿದೆ: ವೀಕ್ಷಣಾ ಕಟ್ಟೆಯ ಗೋಡೆ.

ಗಾಲಿಕುರ್ಚಿಯಲ್ಲಿ ಕೂತ ವಯಸ್ಕರ ಕಣ್ಣು ನೆಲದಿಂದ ಸುಮಾರು 110ರಿಂದ 120 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಪ್ರಪಾತದ ಅಂಚಿನ ಗೋಡೆ ಅಥವಾ ಕಂಬಿ ಸುರಕ್ಷತೆಗಾಗಿ ಒಂದು ಮೀಟರ್, ಕೆಲವೊಮ್ಮೆ ಅದಕ್ಕಿಂತ ಮೇಲೆ ಇರಲೇಬೇಕು. ನಿಂತವರ ಸೊಂಟಕ್ಕೋ ಎದೆಗೋ ಬರುವ ಕಂಬಿ ಕೂತವರಿಗೆ ಸರಿಯಾಗಿ ಕಣ್ಣಿಗೆ ಅಡ್ಡ ಬರುತ್ತದೆ. ಅಷ್ಟೇ ಆಗಿದ್ದರೆ ಕತ್ತು ಕೊಂಕಿಸಿಯಾದರೂ ನೋಡಬಹುದಿತ್ತು. ನಿಂತವರು ಗೋಡೆಗೆ ಒರಗಿ ಬಗ್ಗಿ ನೋಡುತ್ತಾರೆ. ಕುರ್ಚಿಯಲ್ಲಿದ್ದವರ ಕಾಲಿಡುವ ಹಲಗೆ ಗೋಡೆಗೆ ಮೊದಲು ತಾಗುತ್ತದೆ, ಮುಖ ಅಲ್ಲಿಂದ ಮುಕ್ಕಾಲು ಮೀಟರಿನಷ್ಟು ಹಿಂದೆಯೇ ಉಳಿಯುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ಒಂದು ಮೀಟರ್ ಎತ್ತರದ ಗಟ್ಟಿ ಗೋಡೆ, 115 ಸೆಂಟಿಮೀಟರ್ ಎತ್ತರದಲ್ಲಿ ಕಣ್ಣು, ಗೋಡೆಗೂ ಕಣ್ಣಿಗೂ ನಡುವೆ 70 ಸೆಂಟಿಮೀಟರ್. ಆಗ ನೋಟ ಗೋಡೆಯ ತಲೆ ಸವರಿಕೊಂಡು ಹೋಗುವ ಕೋನ ಬರೀ 12 ಡಿಗ್ರಿ. ಎದುರಿನ ಜಲಪಾತ ಅರ್ಧ ಕಿಲೋಮೀಟರ್ ದೂರದಲ್ಲಿದೆ ಎಂದುಕೊಂಡರೆ, ಕಣ್ಣಿನ ಮಟ್ಟದಿಂದ ಕೆಳಗೆ ನೂರು ಚಿಲ್ಲರೆ ಮೀಟರ್ ಮಾತ್ರ ಕಾಣುತ್ತದೆ. ಜೋಗದಷ್ಟು ಎತ್ತರದ ಜಲಪಾತದಲ್ಲಿ ಉಳಿದ ನೂರೈವತ್ತು ಮೀಟರ್ ನೀರನ್ನು ಗೋಡೆ ನುಂಗಿಬಿಡುತ್ತದೆ. ರ‍್ಯಾಂಪ್ ಹತ್ತಿ ಅಂಚಿನವರೆಗೂ ಹೋದೆ, ಫೋಟೋದಲ್ಲಿ ನಾನೂ ಇದ್ದೇನೆ, ಜಲಪಾತದ ಅರ್ಧ ಮಾತ್ರ ನೋಡಿ ವಾಪಸು ಬಂದೆ! ಕಾಗದದ ಮೇಲೆ ಇದೂ 'ಅಂಗವಿಕಲ ಸ್ನೇಹಿ ತಾಣ'ವೇ.

ಪರಿಹಾರ ದುಬಾರಿಯದಲ್ಲ. ಕಟ್ಟೆಯ ಉದ್ದಕ್ಕೂ ಬೇಕಿಲ್ಲ, ಎರಡು ಮೂರು ಕಡೆ ಗಟ್ಟಿ ಗೋಡೆಯ ಬದಲು ನೇರ ನಿಂತ ತೆಳು ಸರಳುಗಳು, ಅಥವಾ ಬಿಗಿದ ಉಕ್ಕಿನ ತಂತಿಜಾಲ. ಕೆಳಗಡೆ ಪಾದದ ಹಲಗೆ ತೂರುವಷ್ಟು ಜಾಗ. ಅಡ್ಡ ಕಂಬಿಯನ್ನು ಸರಿಯಾಗಿ 115 ಸೆಂಟಿಮೀಟರಿಗೆ ಕೂರಿಸದಷ್ಟು ವಿವೇಚನೆ. ಗಾಜು ಹಾಕುವ ಯೋಚನೆ ಬಂದರೆ ಮಾತ್ರ ಸ್ವಲ್ಪ ತಡೆಯಿರಿ; ಜೋಗದ ತುಂತುರಿಗೆ ಗಾಜು ಐದು ನಿಮಿಷಕ್ಕೆ ಮಸುಕಾಗುತ್ತದೆ, ಒರೆಸುವವರನ್ನು ನೇಮಿಸುವವರು ಯಾರು?

ತುಂತುರಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಶರಾವತಿಯ ನೀರು ಬಹುಪಾಲು ವಿದ್ಯುತ್ತಿಗೆ ಹೋಗುತ್ತದೆ. ಜೋಗಕ್ಕೆ ಪೂರ್ಣ ಮೈ ತುಂಬುವುದು ಮಳೆಗಾಲದಲ್ಲಿ, ಇಲ್ಲವೇ ಜಲಾಶಯ ಭರ್ತಿಯಾಗಿ ಗೇಟು ತೆಗೆದಾಗ. ಬೇಸಿಗೆಯಲ್ಲಿ ಒಣಗಿದ ನೆಲದ ಮೇಲೆ ಗಾಲಿ ಸಲೀಸಾಗಿ ಉರುಳುತ್ತದೆ, ನೋಡಲು ಬಂಡೆ ಮಾತ್ರ. ನೋಡುವಂತಿರುವ ಕಾಲದಲ್ಲಿ ನೆಲವೆಲ್ಲ ಪಾಚಿ. ಗಾಲಿಯನ್ನು ಕೈಯಿಂದ ತಳ್ಳಿಕೊಂಡು ಹೋಗುವವರಿಗೆ ಮಳೆ ಅಂದರೆ ಏನು ಎನ್ನುವುದು ಹೊರಗಿನವರಿಗೆ ಹೊಳೆಯುವುದಿಲ್ಲ. ಕೈ ಹಿಡಿಯುವ ಉಕ್ಕಿನ ಬಳೆ ಒದ್ದೆಯಾಗಿ ಅಂಗೈಯಲ್ಲಿ ಜಾರುತ್ತದೆ. ಬ್ರೇಕು ಅನ್ನುವುದು ಟೈರನ್ನು ಒತ್ತಿ ಹಿಡಿಯುವ ಒಂದು ಲೋಹದ ತುಂಡು ಅಷ್ಟೇ, ಟೈರು ಒದ್ದೆಯಾದರೆ ಅದರ ಹಿಡಿತ ಅರೆಬರೆ. ಕೊಡೆ ಹಿಡಿಯಲು ಮೂರನೇ ಕೈ ಇಲ್ಲ. ಪ್ಲಾಸ್ಟಿಕ್ ರೇನ್‌ಕೋಟಿನ ಅಂಚು ಗಾಲಿಗೆ ಸಿಕ್ಕಿಕೊಳ್ಳುತ್ತದೆ, ಮಡಿಲಿನಲ್ಲಿ ಕೊಳದಂತೆ ನೀರು ನಿಲ್ಲುತ್ತದೆ. ಚರಂಡಿಯ ಮೇಲೆ ಹಾಸಿದ ಕಬ್ಬಿಣದ ಜಾಲರಿಯ ಸರಳುಗಳು ಹೋಗುವ ದಿಕ್ಕಿಗೇ ಉದ್ದಕ್ಕಿದ್ದರೆ ಮುಂದಿನ ಸಣ್ಣ ಗಾಲಿ ನಡುವೆ ಸಿಕ್ಕಿ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಅದೇ ಜಾಲರಿಯನ್ನು ಅಡ್ಡಕ್ಕೆ ತಿರುಗಿಸಿ ಇಟ್ಟಿದ್ದರೆ ತೊಂದರೆಯಿಲ್ಲ. ಖರ್ಚು ಸೊನ್ನೆ!

ಪಾಲಿಶ್ ಮಾಡಿದ ಗ್ರಾನೈಟ್ ಹಾಸಿ 'ಅಭಿವೃದ್ಧಿ' ಎನ್ನುವ ಚಾಳಿ ನಮ್ಮಲ್ಲಿ ಬಲವಾಗಿದೆ. ಮಲೆನಾಡಿನ ಮಳೆಯಲ್ಲಿ ಹೊಳೆಯುವ ನೆಲಕ್ಕಿಂತ ಒರಟು ಕಾಂಕ್ರೀಟೇ ಮೇಲು.

ಇನ್ನು ಶೌಚಾಲಯ. ಪ್ರವಾಸ ಕಥನಗಳಲ್ಲಿ ಇದು ಬರುವುದಿಲ್ಲ, ಗಾಲಿಕುರ್ಚಿಯವರ ಪ್ರವಾಸ ನಿರ್ಧಾರವಾಗುವುದೇ ಇಲ್ಲಿಂದ. ಹೊರಡುವ ದಿನ ಬೆಳಿಗ್ಗೆಯಿಂದ ನೀರು ಕುಡಿಯದೆ ಇರುವುದು ನಮ್ಮಲ್ಲಿ ಎಷ್ಟೋ ಜನರ ಅಭ್ಯಾಸ. ಒಂದು ಲೋಟ ಕಾಫಿಯನ್ನೂ ಲೆಕ್ಕ ಹಾಕಿ ಕುಡಿಯುತ್ತೇವೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಮೂತ್ರದ ಸೋಂಕು ಮೊದಲೇ ಬೆನ್ನು ಬಿಡದ ಕಾಟ, ನೀರು ಬಿಟ್ಟರೆ ಅದು ಇನ್ನೂ ಬೇಗ ಹತ್ತುತ್ತದೆ. ಒಂದು ಜಲಪಾತ ನೋಡಿದ್ದಕ್ಕೆ ಒಂದು ವಾರದ ಜ್ವರ, ಆ್ಯಂಟಿಬಯೋಟಿಕ್. ಹೆಣ್ಣುಮಕ್ಕಳ ಪಾಡು ಕೇಳುವುದೇ ಬೇಡ.

ಒಂದು ಶೌಚಾಲಯ ಗಾಲಿಕುರ್ಚಿಗೆ ಒದಗಬೇಕಾದರೆ ಬೇಕಾದದ್ದು ಇಷ್ಟು: 90 ಸೆಂಟಿಮೀಟರಿನ ಬಾಗಿಲು, ಅದು ಹೊರಕ್ಕೆ ತೆರೆಯಬೇಕು, ಒಳಗೆ ಕುರ್ಚಿ ತಿರುಗಿಸಲು ಒಂದೂವರೆ ಮೀಟರ್ ಜಾಗ, ಕಮೋಡಿನ ಪಕ್ಕ ಗೋಡೆಗೆ ಗಟ್ಟಿ ಕಂಬಿ. ಇಷ್ಟೂ ಸರಿಯಾಗಿ ಕಟ್ಟಿದ ಜಾಗಗಳನ್ನು ನಾನು ಕಂಡಿದ್ದೇನೆ. ಅವುಗಳಿಗೆ ಬೀಗ ಇರುತ್ತದೆ. ಕೇಳಿದರೆ, 'ಎಲ್ರೂ ಹೋಗಿ ಗಲೀಜು ಮಾಡ್ತಾರೆ ಸಾರ್, ಅದಕ್ಕೇ ಲಾಕ್ ಮಾಡಿದೀವಿ.' ಕೀಲಿ ಯಾರ ಹತ್ತಿರ? 'ಅವರು ಊಟಕ್ಕೆ ಹೋಗಿದಾರೆ.' ಒಳಗೆ ಇಣುಕಿದರೆ ಪೊರಕೆ, ಬಕೆಟ್ಟು, ಬ್ಲೀಚಿಂಗ್ ಪುಡಿಯ ಚೀಲ, ಹಳೇ ಫ್ಲೆಕ್ಸು. ಇಡೀ ಸಂಕೀರ್ಣದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಕೋಣೆ, ಸಾಮಾನು ತುಂಬಲು ಹೇಳಿ ಮಾಡಿಸಿದಂತಿದೆ.

ಜೋಗದವರೆಗೆ ತಲುಪುವುದು ಬೇರೆಯೇ ಅಧ್ಯಾಯ, ಬೇಗ ಮುಗಿಸುತ್ತೇನೆ. ತಾಳಗುಪ್ಪದವರೆಗೆ ರೈಲಿದೆ. ಅಂಗವಿಕಲರಿಗೆಂದು ಮೀಸಲಾದ ಡಬ್ಬಿ ಸಾಮಾನ್ಯವಾಗಿ ರೈಲಿನ ತುದಿಗೆ, ಗಾರ್ಡ್ ಡಬ್ಬಿಗೆ ಅಂಟಿಕೊಂಡು ಇರುತ್ತದೆ. ಅದರ ಎದುರು ಪ್ಲಾಟ್‌ಫಾರ್ಮ್ ಇದ್ದರೆ ನಿಮ್ಮ ಪುಣ್ಯ. ಅಲ್ಲಿಂದ ಜೋಗ ಹದಿನೈದು ಕಿಲೋಮೀಟರ್ ಆಸುಪಾಸು. ಸಾರಿಗೆ ಸಂಸ್ಥೆಯ ಬಸ್ಸಿನ ಮೆಟ್ಟಿಲು ಗೊತ್ತೇ ಇದೆ. ರಿಯಾಯಿತಿ ಪಾಸು ಇದೆ, ಅದು ನಡೆಯುವುದು ವಾಸಸ್ಥಳದಿಂದ 100 ಕಿಲೋಮೀಟರಿನೊಳಗೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ಟೇ ಇಲ್ಲ, ಅವರಲ್ಲಿ ಗಾಲಿಕುರ್ಚಿಯ ಹೆಂಗಸರೂ ಸೇರಿದ್ದಾರೆ. ಹತ್ತಲಾಗದ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ. ಹಾಗಾಗಿ ಕೊನೆಗೆ ಉಳಿಯುವುದು ಬಾಡಿಗೆ ಕಾರು, ಅದರ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದ್ದರೆ ಗಾಲಿಕುರ್ಚಿಗೆ ಜಾಗವಿಲ್ಲ.

ತಂಗುವ ಲಾಡ್ಜಿಗೆ ಫೋನ್ ಮಾಡಿ 'ವೀಲ್‌ಚೇರ್ ಬರುತ್ತಾ' ಅಂದರೆ ಎಲ್ಲರೂ 'ಬರುತ್ತೆ ಸಾರ್, ಆರಾಮಾಗಿ' ಅನ್ನುತ್ತಾರೆ. ಸುಳ್ಳು ಹೇಳುವ ಉದ್ದೇಶವಲ್ಲ. ಅವರ ಮನಸ್ಸಿನಲ್ಲಿರುವ ಚಿತ್ರ ಬೇರೆ: ನಾಲ್ಕು ಹುಡುಗರು ಬಂದು ಕುರ್ಚಿ ಸಮೇತ ಎತ್ತಿ ಒಳಗಿಡುವುದು. ಮಲೆನಾಡಿನ ಒಂದು ಲಾಡ್ಜಿನಲ್ಲಿ ನನಗೆ ಹಾಗೆಯೇ ಆಯಿತು. ಬಾಗಿಲಿನ ಮುಂದಿನ ಮೂರು ಮೆಟ್ಟಿಲನ್ನು ಹುಡುಗರು ಪ್ರೀತಿಯಿಂದಲೇ ದಾಟಿಸಿದರು. ಬಚ್ಚಲಿನ ಬಾಗಿಲು ಕುರ್ಚಿಗಿಂತ ಎರಡು ಬೆರಳು ಕಿರಿದು. ಪ್ಲಾಸ್ಟಿಕ್ ಕುರ್ಚಿಗೆ ಜರುಗಿ, ಅದನ್ನು ಒದ್ದೆ ಟೈಲ್ಸಿನ ಮೇಲೆ ಎಳೆಸಿಕೊಂಡು ಒಳಗೆ ಹೋದೆ. ಬಾಗಿಲು ಹಾಕಿಕೊಳ್ಳುವ ಮಾತೇ ಇಲ್ಲ.

ಎತ್ತುವ ವಿಷಯದಲ್ಲಿ ನಮ್ಮ ಜನರ ಧಾರಾಳತನ ನಿಜಕ್ಕೂ ದೊಡ್ಡದು. ಎಲ್ಲಿ ಹೋದರೂ 'ನಾವಿದೀವಲ್ಲ ಅಣ್ಣಾ' ಎಂದು ನಾಲ್ಕು ಜನ ಮುಂದೆ ಬರುತ್ತಾರೆ. ತೊಂದರೆ ಏನೆಂದರೆ, ಎತ್ತುವವರು ಹಿಡಿಯುವುದು ಮೊದಲು ಕೈಗೆ ಸಿಕ್ಕಿದ್ದನ್ನು. ಬಹಳ ಕುರ್ಚಿಗಳಲ್ಲಿ ಕೈಯೊರಗು, ಪಾದದ ಹಲಗೆ ಕಳಚಿ ಬರುವಂಥವು. ಮೂರನೇ ಮೆಟ್ಟಿಲಿನಲ್ಲಿ ಕೈಯೊರಗು ಅವರ ಕೈಯಲ್ಲೇ ಉಳಿದು, ಕುರ್ಚಿ ವಾಲುವಾಗ ಜೀವ ಬಾಯಿಗೆ ಬರುತ್ತದೆ. ಇಷ್ಟು ಜನರ ಮುಂದೆ ಮೂಟೆಯಂತೆ ತೂಗಾಡುವಾಗ ಯಾರೋ ವಿಡಿಯೊ ಮಾಡುತ್ತಿರುತ್ತಾರೆ, ಅದಕ್ಕೆ 'ಮಾನವೀಯತೆ ಇನ್ನೂ ಸತ್ತಿಲ್ಲ' ಅಂತ ಶೀರ್ಷಿಕೆ ಬೇರೆ.

ಕಾನೂನು ಈ ಎತ್ತಾಟವನ್ನು ವ್ಯವಸ್ಥೆ ಎಂದು ಒಪ್ಪುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಸಾರ್ವಜನಿಕ ಕಟ್ಟಡ ಎಂದರೆ ಏನೆಂದು ಹೇಳುವಾಗ ವಿರಾಮ, ಮನರಂಜನೆಗೆ ಬಳಸುವ ಜಾಗಗಳನ್ನೂ ಹೆಸರಿಸುತ್ತದೆ. ಅದರ 29ನೇ ಕಲಂ ಹೊರಾಂಗಣ ಶಿಬಿರ, ಸಾಹಸ ಚಟುವಟಿಕೆಗಳಲ್ಲಿ ಪಾಲ್ಗೊಳ್ಳುವುದನ್ನೂ ಬಿಟ್ಟಿಲ್ಲ. 44ನೇ ಕಲಂ ಪ್ರಕಾರ ನಿಯಮ ಪಾಲಿಸದ ನಕ್ಷೆಗೆ ಕಟ್ಟಲು ಅನುಮತಿ ಕೊಡುವಂತಿಲ್ಲ. 45ನೇ ಕಲಂ ಹಳೆಯ ಕಟ್ಟಡಗಳಿಗೆ ಐದು ವರ್ಷದ ಗಡುವು ಕೊಟ್ಟಿತ್ತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ, ಗಡುವು ಮುಗಿದದ್ದು 2022ರಲ್ಲಿ. ದಂಡವೂ ಇದೆ: ಮೊದಲ ತಪ್ಪಿಗೆ ಹತ್ತು ಸಾವಿರದವರೆಗೆ, ಮತ್ತೆ ಮಾಡಿದರೆ ಐವತ್ತು ಸಾವಿರದಿಂದ ಐದು ಲಕ್ಷ. ಇದಕ್ಕೂ ಹಿಂದೆ, 2007ರಲ್ಲೇ ಭಾರತ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೇ ವಿಧಿ ಪ್ರವಾಸಿ ತಾಣಗಳ ಹೆಸರನ್ನು ಸ್ಪಷ್ಟವಾಗಿ ಎತ್ತುತ್ತದೆ.

ಇಷ್ಟೆಲ್ಲ ಇದ್ದೂ ಯಾಕೆ ಹೀಗೆ? ಒಂದು ಕಾರಣವನ್ನು ಸುಪ್ರೀಂ ಕೋರ್ಟೇ ಬಿಡಿಸಿ ಹೇಳಿತು. ದೃಷ್ಟಿದೋಷವಿರುವ ರಾಜೀವ್ ರತೂರಿ 2005ರಲ್ಲಿ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ 2024ರ ನವೆಂಬರ್ 8ರಂದು ತೀರ್ಪು ಬಂತು. ಕಾಯಿದೆ 'ಮಾಡಲೇಬೇಕು' ಎನ್ನುತ್ತದೆ, ಅದರಡಿ ಬರೆದ 15ನೇ ನಿಯಮ ಮಾತ್ರ ಬೇರೆ ಬೇರೆ ಇಲಾಖೆಗಳ ಮಾರ್ಗಸೂಚಿಗಳತ್ತ ಬೆರಳು ತೋರಿಸಿ ಸುಮ್ಮನಾಗುತ್ತದೆ. ಆ ಮಾರ್ಗಸೂಚಿಗಳೋ ಬಹುಮಟ್ಟಿಗೆ 'ಮಾಡಿದರೆ ಒಳ್ಳೆಯದು' ಎಂಬ ಧಾಟಿಯವು. ಹಾಗಾಗಿ ಆ ನಿಯಮ ಮೂಲ ಕಾಯಿದೆಗೇ ವಿರುದ್ಧ ಎಂದು ನ್ಯಾಯಾಲಯ ಹೇಳಿ, ಕಡ್ಡಾಯವಾಗಿ ಪಾಲಿಸಲೇಬೇಕಾದ ಕನಿಷ್ಠ ಮಾನದಂಡಗಳನ್ನು ಬೇರೆ ಮಾಡಿ ಬರೆಯಲು ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು. ಅದೇ ತೀರ್ಪಿನ ಇನ್ನೊಂದು ಮಾತು ನಮ್ಮ ಎತ್ತಾಟಕ್ಕೆ ನೇರವಾಗಿ ತಾಗುತ್ತದೆ: ಎಲ್ಲರಿಗೂ ಒದಗುವಂತೆ ಕಟ್ಟುವುದು ಮೊದಲೇ ಆಗಬೇಕಾದ ಕೆಲಸ, ಒಬ್ಬ ವ್ಯಕ್ತಿ ಎದುರು ಬಂದಾಗ ಅವರಿಗೆ ತಕ್ಕಂತೆ ಹೊಂದಿಸಿಕೊಡುವುದು ಅದರ ಮೇಲಿನದು. ಎರಡನೆಯದನ್ನು ತೋರಿಸಿ ಮೊದಲನೆಯದನ್ನು ತಪ್ಪಿಸಿಕೊಳ್ಳುವಂತಿಲ್ಲ.

ಎರಡನೇ ಕಾರಣ ನ್ಯಾಯಾಲಯಕ್ಕೆ ಸಂಬಂಧಿಸಿದ್ದಲ್ಲ, ನಮ್ಮ ಕಚೇರಿಗಳದ್ದು. ಜೋಗದಂಥ ಜಾಗಕ್ಕೆ ಒಬ್ಬ ಯಜಮಾನ ಅಂತಿಲ್ಲ. ಅಣೆಕಟ್ಟು, ನೀರು ವಿದ್ಯುತ್ ನಿಗಮದ್ದು. ಸುತ್ತಲ ಕಾಡು ಅರಣ್ಯ ಇಲಾಖೆಯದ್ದು. ಪ್ರವಾಸಿಗರ ಉಸ್ತುವಾರಿಗೆ ಜೋಗ ನಿರ್ವಹಣಾ ಪ್ರಾಧಿಕಾರ. ಹೋಟೆಲು ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ್ದು. ರಸ್ತೆ, ಬಸ್ಸು ಇನ್ನೊಬ್ಬರದ್ದು. ರ‍್ಯಾಂಪಿನ ಕೊನೆ ಮತ್ತು ವಾಹನ ನಿಲ್ದಾಣದ ಶುರುವಿನ ನಡುವೆ ನಾಲ್ಕು ಇಂಚಿನ ಕಲ್ಲಿನ ಅಂಚು ಉಳಿದರೆ ಅದು ಯಾರ ಟೆಂಡರಿಗೂ ಸೇರಿರುವುದಿಲ್ಲ. ಎರಡೂ ಕಾಮಗಾರಿಗೆ 'ಪೂರ್ಣಗೊಂಡಿದೆ' ಪ್ರಮಾಣಪತ್ರ ಸಿಗುತ್ತದೆ. ಆ ನಾಲ್ಕು ಇಂಚಿನಿಂದಾಗಿ ಉಳಿದದ್ದೆಲ್ಲ ಗಾಲಿಕುರ್ಚಿಗೆ ಇಲ್ಲದ್ದಕ್ಕೆ ಸಮ.

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. ಜೋಗದಲ್ಲಿ ಸುಮಾರು 185 ಕೋಟಿ ರೂಪಾಯಿಯ ಅಭಿವೃದ್ಧಿ ಯೋಜನೆ ಕೈಗೆತ್ತಿಕೊಳ್ಳಲಾಗಿದೆ. ಕಾಮಗಾರಿಗೆಂದು 2025ರ ಆರಂಭದಲ್ಲಿ ಪ್ರವಾಸಿಗರ ಪ್ರವೇಶವನ್ನೇ ಕೆಲಕಾಲ ನಿಲ್ಲಿಸಿದ್ದರು. ಕಟ್ಟುವಾಗಲೇ ಸರಿಯಾಗಿ ಕಟ್ಟಿದರೆ ಅಗಲದ ಬಾಗಿಲಿಗೂ ಕಿರಿದಾದ ಬಾಗಿಲಿಗೂ ಖರ್ಚಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಕಟ್ಟಿ ಮುಗಿದ ಮೇಲೆ ಒಡೆಯಬೇಕೆಂದರೆ ಹೊಸ ಅಂದಾಜು ಪಟ್ಟಿ, ಹೊಸ ಅನುದಾನ, ಮುಂದಿನ ಬಜೆಟ್. ರಾಜ್ಯದಲ್ಲಿ ಅಂಗವಿಕಲ ವ್ಯಕ್ತಿಗಳ ಆಯುಕ್ತರ ಹುದ್ದೆ ಇದೆ, ದೂರು ಬಾರದೆಯೂ ತಾವೇ ವಿಚಾರಣೆಗೆ ಎತ್ತಿಕೊಳ್ಳುವ ಅಧಿಕಾರ ಅವರಿಗೆ ಕಾಯಿದೆಯಲ್ಲೇ ಇದೆ. ಕಾಮಗಾರಿ ಮುಗಿಯಿತೆಂದು ಬಿಲ್ಲು ಪಾಸಾಗುವ ಮುನ್ನ ಗಾಲಿಕುರ್ಚಿ ಬಳಸುವ ಇಬ್ಬರನ್ನು ಕರೆಸಿ, ಬಸ್ಸಿಳಿಯುವ ಜಾಗದಿಂದ ಅಂಚಿನವರೆಗೆ ಹೋಗಿ, ಕೆಳಗಿನ ನೀರು ನೋಡಿ, ಶೌಚಾಲಯಕ್ಕೆ ಹೋಗಿ, ಕ್ಯಾಂಟೀನಿನಲ್ಲಿ ಒಂದು ಮೇಜಿನ ಕೆಳಗೆ ಮೊಣಕಾಲು ತೂರಿಸಿ ಊಟ ಮಾಡಿ, ಯಾರಿಂದಲೂ ಎತ್ತಿಸಿಕೊಳ್ಳದೆ ವಾಪಸು ಬರಲು ಹೇಳಬೇಕು. ಬರಲಾಗಲಿಲ್ಲವೇ, ಬಿಲ್ಲು ನಿಲ್ಲಬೇಕು. 'ರ‍್ಯಾಂಪ್ ಇದೆಯೇ: ಹೌದು / ಇಲ್ಲ' ಎಂಬ ನಮೂನೆಗಿಂತ ಈ ಪರೀಕ್ಷೆ ಒರಟು, ಆದರೆ ಮೋಸ ಮಾಡಲು ಬರುವುದಿಲ್ಲ.

ಹೊರದೇಶದ ಉದಾಹರಣೆ ಕೊಟ್ಟರೆ 'ಅಲ್ಲಿ ದುಡ್ಡಿದೆ ಬಿಡಿ' ಎಂಬ ಉತ್ತರ ಸಿದ್ಧವಾಗಿರುತ್ತದೆ. ದುಡ್ಡಿಗಿಂತ ಬೇರೆ ಎರಡು ಸಂಗತಿ ನನಗೆ ಅಲ್ಲಿ ಮುಖ್ಯವಾಗಿ ಕಂಡವು. ನಯಾಗರದ ಕೆನಡಾ ಬದಿಯಲ್ಲಿ ಜಲಪಾತದ ಹಿಂದಿನ ಸುರಂಗಗಳಿಗೆ 38 ಮೀಟರ್ ಇಳಿಸುವ ಲಿಫ್ಟ್ ಇದೆ, ಅದು ದುಡ್ಡಿನ ವಿಷಯ, ಒಪ್ಪೋಣ. ಅಮೆರಿಕದ ಬದಿಯಲ್ಲಿ 'ಕೇವ್ ಆಫ್ ದ ವಿಂಡ್ಸ್' ಎಂಬ ಜಾಗದಲ್ಲಿ ನೀರಿನ ಬುಡದವರೆಗೆ ಮರದ ಅಟ್ಟಣಿಗೆಗಳಿವೆ. ಚಳಿಗಾಲದ ಮಂಜುಗಡ್ಡೆಗೆ ಅವು ಉಳಿಯುವುದಿಲ್ಲವೆಂದು ಪ್ರತಿ ವರ್ಷ ಬಿಚ್ಚಿ, ವಸಂತದಲ್ಲಿ ಮತ್ತೆ ಕಟ್ಟುತ್ತಾರೆ. ಗಾಲಿಕುರ್ಚಿ ಕೆಳಗಿನ ಅಟ್ಟಣಿಗೆಯವರೆಗೆ ಹೋಗಬಹುದು, ನೀರಿಗೆ ತೀರಾ ಹತ್ತಿರದ ಕೊನೆಯ ಅಟ್ಟಕ್ಕೆ ಮೆಟ್ಟಿಲೇ ಗತಿ, ಹೋಗಲಾಗದು. ಇದನ್ನು ಮೊದಲೇ ಹೇಳುತ್ತಾರೆ. ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣ ಅಂಚಿನಲ್ಲೂ ಅದೇ ಕ್ರಮ. ಕಣಿವೆಯ ತಳಕ್ಕೆ ಹೋಗುವ ಹಾದಿಗಳು ಗಾಲಿಗೆ ಒಗ್ಗುವಂಥವಲ್ಲ, ಅದನ್ನು ಯಾರೂ ಬದಲಿಸಲು ಹೋಗಿಲ್ಲ. ಅಂಚಿನ ಮೇಲೆ ಮಾತ್ರ ಸಮತಟ್ಟು ದಾರಿ, ಇಳಿಜಾರು ಹಲಗೆ ಇರುವ ಬಸ್ಸು. ಆ ಬಸ್ಸಿಗೆ ಎಷ್ಟು ದೊಡ್ಡ ಕುರ್ಚಿ ಹಿಡಿಸುತ್ತದೆ ಎನ್ನುವುದನ್ನೂ 30 ಇಂಚು ಅಗಲ, 48 ಇಂಚು ಉದ್ದ ಎಂದು ಅಳತೆ ಸಮೇತ ಪ್ರಕಟಿಸಿದ್ದಾರೆ. ಖಾಸಗಿ ವಾಹನ ಬಿಡದ ರಸ್ತೆಗೆ ಅಂಗವಿಕಲರ ಕಾರಿಗೆ ಪ್ರತ್ಯೇಕ ಪರವಾನಗಿ ಸಿಗುತ್ತದೆ.

ಅಂದರೆ ಒಂದು, ಋತುವಿಗೆ ತಕ್ಕ ನಿರ್ವಹಣೆ. ಇನ್ನೊಂದು, ಎಲ್ಲಿಯವರೆಗೆ ಆಗುತ್ತದೆ ಎಲ್ಲಿಂದ ಆಗುವುದಿಲ್ಲ ಎನ್ನುವ ಪ್ರಾಮಾಣಿಕ ಮಾಹಿತಿ. ಎರಡನೆಯದಕ್ಕೆ ಒಂದು ಅಳತೆ ಟೇಪು ಮತ್ತು ಒಂದು ಮಧ್ಯಾಹ್ನ ಸಾಕು.

(ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೋದ ನಮ್ಮ ಅಪ್ಪ ಅಮ್ಮಂದಿರು ವಿಮಾನ ನಿಲ್ದಾಣದಲ್ಲಿ, ನಯಾಗರದಲ್ಲಿ ಸಂಕೋಚವಿಲ್ಲದೆ ಗಾಲಿಕುರ್ಚಿಯಲ್ಲಿ ಕೂರುತ್ತಾರೆ. ಅದೇ ಅಮ್ಮ ಊರಿನಲ್ಲಿ ಮಂಡಿನೋವಿಗೆ ಕೋಲು ಹಿಡಿಯಲೂ ಒಪ್ಪುವುದಿಲ್ಲ. 'ನೋಡಿದೋರು ಏನಂದಾರು' ಎನ್ನುವ ಭಯ ಸಮುದ್ರ ದಾಟುವಾಗ ಎಲ್ಲೋ ಬಿದ್ದುಹೋಗುತ್ತದೆ.)

ನಿರ್ವಹಣೆಯ ಪಾಠಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಚೆನ್ನೈನ ಮರೀನಾ ಕಡಲತೀರದಲ್ಲಿ ಗಾಲಿಕುರ್ಚಿಗಳು ಮರಳು ದಾಟಿ ನೀರಿನ ಹತ್ತಿರ ಹೋಗಲೆಂದು 263 ಮೀಟರ್ ಉದ್ದದ ಮರದ ದಾರಿಯನ್ನು 2022ರ ನವೆಂಬರ್ ಕೊನೆಯಲ್ಲಿ ತೆರೆದರು. ಜೀವಮಾನದಲ್ಲಿ ಮೊದಲ ಬಾರಿಗೆ ಅಲೆಯನ್ನು ಹತ್ತಿರದಿಂದ ಕಂಡವರಿದ್ದರು. ಎರಡು ವಾರ ತುಂಬುವುದರೊಳಗೆ ಮ್ಯಾಂಡೋಸ್ ಚಂಡಮಾರುತ ಬಂದು ಅದರ ಒಂದು ಭಾಗವನ್ನು ಮುರಿದು ಹಾಕಿತು. ನಗುವವರು ನಕ್ಕರು, ದುಡ್ಡು ನೀರುಪಾಲು ಎಂದರು. ಆದರೆ ಅದನ್ನು ಸರಿಪಡಿಸಿ ಮತ್ತೆ ತೆರೆದರು. ನನಗೆ ಆ ದಾರಿಯ ಉದ್ಘಾಟನೆಗಿಂತ ಈ ರಿಪೇರಿಯೇ ದೊಡ್ಡ ಸುದ್ದಿ ಅನ್ನಿಸುತ್ತದೆ. ನಮ್ಮಲ್ಲಿ ಉದ್ಘಾಟನೆಗೆ ಅನುದಾನವಿರುತ್ತದೆ, ಪಾಚಿ ಕೆರೆಯಲು ಇರುವುದಿಲ್ಲ.

ಇನ್ನು ರೋಪ್‌ವೇ. ಜೋಗಕ್ಕೆ ರೋಪ್‌ವೇ ಬೇಕೆಂಬ ಪ್ರಸ್ತಾವ ಬಹಳ ವರ್ಷಗಳಿಂದ ಓಡಾಡುತ್ತಿದೆ. ಅದರ ಪರ ಮಾತಾಡುವವರು ವೃದ್ಧರು, ಅಂಗವಿಕಲರು ಎಂದು ನಮ್ಮನ್ನು ಮುಂದೆ ನಿಲ್ಲಿಸುವುದುಂಟು. ತಂತಿಯ ಮೇಲಿನ ತೊಟ್ಟಿಲು ಗಾಲಿಕುರ್ಚಿಗೆ ಒಳ್ಳೆಯದೇ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಟೇಬಲ್ ಮೌಂಟನ್ನಿಗೆ 1929ರಿಂದ ಕೇಬಲ್ ಕಾರಿದೆ, 1997ರಲ್ಲಿ ಬಂದ ಹೊಸ ಕಾರುಗಳ ನೆಲವೇ ತಿರುಗುವುದರಿಂದ ಕೂತಲ್ಲೇ ಸುತ್ತಲೂ ಕಾಣುತ್ತದೆ. ಆದರೆ ಶರಾವತಿ ಕಣಿವೆ ಸಿಂಗಳೀಕಗಳ ಮನೆ, 2019ರಲ್ಲಿ ಅವುಗಳಿಗಾಗಿಯೇ ಅಭಯಾರಣ್ಯ ಘೋಷಿಸಿದ ಸೀಮೆ. ಅಲ್ಲಿ ಕಂಬ ನೆಡಬೇಕೋ ಬೇಡವೋ ಎನ್ನುವುದನ್ನು ಕಾಡಿನ ಲೆಕ್ಕದಲ್ಲೇ ತೀರ್ಮಾನಿಸಲಿ, ನಮ್ಮ ಹೆಸರನ್ನು ತಕ್ಕಡಿಗೆ ಹಾಕುವುದು ಬೇಡ. ಬೀಗ ಹಾಕಿದ ಶೌಚಾಲಯ ತೆರೆಯದವರು ನಮಗಾಗಿ ರೋಪ್‌ವೇ ಕಟ್ಟುತ್ತೇವೆ ಎಂದರೆ ನಂಬುವುದು ಕಷ್ಟ.

ಅದೇ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಅಳಿವೆಯ ದಕ್ಷಿಣಕ್ಕಿರುವ ಕಾಸರಕೋಡು ಕಡಲತೀರಕ್ಕೆ 2020ರ ಅಕ್ಟೋಬರ್‌ನಲ್ಲಿ ಪಡುಬಿದ್ರಿಯ ಜೊತೆಗೆ ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ 'ಬ್ಲೂ ಫ್ಲ್ಯಾಗ್' ಮನ್ನಣೆ ಬಂತು. ನೀರಿನ ಶುದ್ಧಿಯಷ್ಟೇ ಅಲ್ಲದೆ ಅಂಗವಿಕಲರಿಗೆ ದಾರಿ, ಶೌಚಾಲಯ ಇರಬೇಕೆನ್ನುವುದೂ ಆ ಮನ್ನಣೆಯ ಷರತ್ತುಗಳಲ್ಲಿ ಸೇರಿದೆ. ಹೊರಗಿನವರು ಬಂದು ತಪಾಸಣೆ ಮಾಡುತ್ತಾರೆ, ತಪ್ಪಿದರೆ ಬಾವುಟ ಇಳಿಯುತ್ತದೆ. ಒಂದೇ ನದಿ, ಒಂದೇ ರಾಜ್ಯ. ಕೆಳಗೆ ಷರತ್ತು ಹಾಕಿದವರಿದ್ದರು, ಅದಕ್ಕೇ ಕೆಲಸವಾಯಿತು.

'ಎಷ್ಟು ಜನ ಬರ್ತಾರೆ ಹೇಳಿ, ಅವರಿಗೋಸ್ಕರ ಇಷ್ಟೆಲ್ಲ ಮಾಡೋಕಾಗುತ್ತಾ?' ಎಂದು ಕೇಳುವವರಿಗೆ ಅಂಕಿ ಬೇಕಿದ್ದರೆ, 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷ ದಾಟುತ್ತದೆ. ಅವರೆಲ್ಲ ಗಾಲಿಕುರ್ಚಿಯವರಲ್ಲ ನಿಜ. ಅಜ್ಜಿಯರ ಮಂಡಿ, ಬಸುರಿಯರು, ಕೈಗೂಸಿನ ತಳ್ಳುಗಾಡಿ ಇವನ್ನೆಲ್ಲ ಸೇರಿಸಿ ಲೆಕ್ಕ ಉಬ್ಬಿಸುವ ವಾದವೂ ಇದೆ, ಅಧಿಕಾರಿಗಳ ಮುಂದೆ ಅದು ಚೆನ್ನಾಗಿ ಓಡುತ್ತದೆ. ನನಗದು ಅಷ್ಟು ಹಿಡಿಸುವುದಿಲ್ಲ. ಬೇರೆಯವರ ಮಂಡಿನೋವಿನ ಮರೆಯಲ್ಲಿ ನಿಂತು ನನ್ನ ಹಕ್ಕು ಕೇಳುವ ಅಗತ್ಯ ಯಾಕೆ? ದಾರಿ ಇಲ್ಲವೆಂದು ಜನ ಬರುವುದಿಲ್ಲ, ಜನ ಬರುವುದಿಲ್ಲವೆಂದು ದಾರಿ ಮಾಡುವುದಿಲ್ಲ. ಈ ಸುತ್ತನ್ನು ಯಾರು ಮೊದಲು ಮುರಿಯಬೇಕು ಎನ್ನುವುದಕ್ಕೆ ಕಾಯಿದೆಯಲ್ಲಿ ಉತ್ತರವಿದೆ.

ಈ ಸಲದ ಮಳೆಗೆ ಹೋಗುವ ಮನಸ್ಸಿದ್ದವರಿಗೆ ಒಂದಿಷ್ಟು. ಆಗಸ್ಟ್, ಸೆಪ್ಟೆಂಬರಿನಲ್ಲಿ ಹೋಗಿ, ಶನಿವಾರ ಭಾನುವಾರ ಬೇಡ. ನೂಕುನುಗ್ಗಲಿನಲ್ಲಿ ನಮ್ಮ ಕಣ್ಣಿನ ಮುಂದೆ ಕಾಣುವುದು ಬೆನ್ನುಗಳು ಮಾತ್ರ. ನಾಲ್ಕೂ ಕವಲು ಎದುರಿಗೆ ಕಾಣುವುದು ಶಿವಮೊಗ್ಗ ಬದಿಯಿಂದ, ಮೊದಲು ಅಲ್ಲಿಗೇ ಹೋಗಿ. ಮಂಜು ಮುಚ್ಚಿದರೆ ಬೇಸರಿಸಬೇಡಿ, ಅರ್ಧ ಗಂಟೆ ಕಾದರೆ ಗಾಳಿಗೆ ತೆರೆದುಕೊಳ್ಳುತ್ತದೆ. ಹಿಡಿತವಿರುವ ರಬ್ಬರ್ ಕೈಗವಸು, ಗಾಲಿ ಒರೆಸಲು ಹಳೇ ಟವೆಲ್ ಇರಲಿ. ಎತ್ತಲು ಬಂದವರಿಗೆ ಎಲ್ಲಿ ಹಿಡಿಯಬೇಕೆಂದು ಮೊದಲೇ ತೋರಿಸಿ. ಲಾಡ್ಜಿಗೆ ಫೋನ್ ಮಾಡಿದಾಗ 'ವೀಲ್‌ಚೇರ್ ಬರುತ್ತಾ' ಅಂತ ಕೇಳಬೇಡಿ. ರಸ್ತೆಯಿಂದ ಕೋಣೆಯವರೆಗೆ ಎಷ್ಟು ಮೆಟ್ಟಿಲು, ಬಚ್ಚಲ ಬಾಗಿಲು ಎಷ್ಟು ಇಂಚು, ಕಮೋಡು ಇದೆಯೋ ಇಲ್ಲವೋ, ಈ ಮೂರನ್ನೇ ಕೇಳಿ, ಟೇಪು ಹಿಡಿದು ಅಳೆದು ಬಾಗಿಲಿನ ಫೋಟೋ ಕಳಿಸಲು ಹೇಳಿ. ಕಳಿಸುವವರೆಗೆ ಮುಂಗಡ ಕೊಡಬೇಡಿ.